ಎಳೆಯ ಆಟಗಾರರೂ ಮೇಲಿನ ಪಂಕ್ತಿಯೂ

ಮಕ್ಕಳ ವಿಷಯದಲ್ಲಿ ಮನೆಯ ಹಿರಿಯರು ಕೂಡಿ ಕುಳಿತು ಆಲೋಚಿಸಬೇಕಾಗುತ್ತಿದ್ದ ಸಂದರ್ಭಗಳು ಹಿಂದೆ ಬೆರಳಲ್ಲಿ ಎಣಿಸುವಷ್ಟು ಮಾತ್ರ. ಅಕ್ಷರಾಭ್ಯಾಸಕ್ಕೆ ಯಾವ ದಿನ ಒಳ್ಳೆಯದು, ಯಾವ ಊರಿನ ಶಾಲೆಗೆ ಸೇರಿಸಬೇಕು, ಯಾವ ನಂಟರ ಮನೆಯಲ್ಲಿ ಬಿಟ್ಟು ಓದಿಸಬೇಕು, ಹೆಣ್ಣನ್ನು ಯಾವ ಮನೆಗೆ ಕೊಡಬೇಕು ಎಂಬ ಇಷ್ಟೇ. ಆಟದ ವಿಷಯದಲ್ಲಿ ಹಿರಿಯರಿಗೆ ಇದ್ದ ಕೆಲಸ ಒಂದೇ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಕಡೆಗೆ ಮುಖಮಾಡಿ ಗಟ್ಟಿಯಾಗಿ ಕೂಗಿ ಕರೆಯುವುದು. ಈಗ ಆಟವೂ ಶಾಲೆಯ ಪಾಠದಂತೆ ತರಗತಿ ತರಗತಿಯಾಗಿ ವಿಂಗಡವಾಗಿದೆ. ಆದುದರಿಂದ ಒಂದು ಹೊಸ ಪ್ರಶ್ನೆ ಮನೆಯ ಜಗಲಿಗೆ ಬಂದು ಕುಳಿತಿದೆ. ಚುರುಕಾಗಿ ಆಡುವ ಮಗು ತನ್ನ ವಯಸ್ಸಿನವರೊಡನೆಯೇ ಆಡಬೇಕೆ, ಅಥವಾ ಅದನ್ನು ಹಿರಿಯ ಮಕ್ಕಳ ಪಂಕ್ತಿಗೆ ಏರಿಸಬೇಕೆ? ಇದನ್ನು ಕೇಳಿ ನಗುವವರು ಇದ್ದಾರೆ. ಊಟದ ಪಂಕ್ತಿಯಲ್ಲಿ ಮಗುವನ್ನು ಎಲ್ಲಿ ಕೂಡಿಸಬೇಕೆಂಬುದಕ್ಕೆ ಇಷ್ಟು ವಿಚಾರ ಮಾಡುವ ನಾವು, ಅದರ ಮೂಳೆ ಮನಸ್ಸುಗಳೆರಡನ್ನೂ ಪಣಕ್ಕೆ ಇಡುವ ವಿಷಯದಲ್ಲಿ ವಿಚಾರ ಮಾಡುವುದು ನಗೆಯ ಮಾತಲ್ಲ.

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವ ಸೀಮೆಯಲ್ಲಿ ಒಂದು ಹಳ್ಳಿ. ಅಡಿಕೆಯ ತೋಟ, ತೆಂಗಿನ ತೋಟ, ನಡುನಡುವೆ ರಾಗಿಯ ಹೊಲ. ಊರಿನ ಹೆಸರು ಈ ವಿಚಾರಕ್ಕೆ ಅನಾವಶ್ಯಕ. ಅಲ್ಲಿಯ ಒಂದು ಮನೆಯಲ್ಲಿ 2024ನೆಯ ಇಸವಿಯ ಮುಂಗಾರಿನಲ್ಲಿ ಈ ಪ್ರಶ್ನೆ ಹುಟ್ಟಿತು. ಮನೆಯಲ್ಲಿ ಅಜ್ಜ, ಅಜ್ಜಿ, ತಂದೆ, ತಾಯಿ. ಎಂಟನೆಯ ತರಗತಿಯಲ್ಲಿ ಓದುವ ಹುಡುಗಿ. ಒಂದರಿಂದ ಹತ್ತರವರೆಗೆ ಒಂದೇ ಆವರಣದಲ್ಲಿ ನಡೆಯುವ ಶಾಲೆ. ಹುಡುಗಿ ಖೋಖೋ ಆಟದಲ್ಲಿ ನಿಪುಣೆ. ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿ ಅವಳೇ ಮುಂದಾಳು. ಒಂದು ಸಂಜೆ ಡ್ರಿಲ್ ಮೇಷ್ಟರು ಮನೆಗೆ ಬಂದು, ಅಜ್ಜನವರ ಎದುರಿಗೆ ಕುಳಿತು, ಮಜ್ಜಿಗೆ ಕುಡಿದು, ಬಂದ ಕಾರಣವನ್ನು ಹೇಳಿದರು. ಹದಿನೇಳರ ಒಳಗಿನವರ ತಂಡದಲ್ಲಿ ಇಬ್ಬರು ಕಡಮೆ ಬಿದ್ದಿದ್ದಾರೆ. ಒಬ್ಬಳ ಮನೆಯವರು ಕೆಲಸಕ್ಕಾಗಿ ಬೆಂಗಳೂರು ಸೇರಿದರು, ಇನ್ನೊಬ್ಬಳ ಕಾಲು ಉಳುಕಿದೆ. ತಾಲ್ಲೂಕಿನ ಪಂದ್ಯಕ್ಕೆ ಈ ಹುಡುಗಿಯನ್ನು ಮೇಲಿನ ತಂಡಕ್ಕೆ ಕಳುಹಿಸಿಕೊಡಬೇಕು. “ಯಜಮಾನರೇ, ಇವಳ ಓಟಕ್ಕೆ ಹತ್ತನೆಯ ತರಗತಿಯವರೂ ಸಾಟಿಯಿಲ್ಲ. ಮೇಲೆ ಹೋದರೆ ನಾಲ್ಕು ಜನ ದೊಡ್ಡವರ ಕಣ್ಣಿಗೆ ಬೀಳುತ್ತಾಳೆ” ಎಂದರು. ಮೇಷ್ಟರು ಸ್ವಾರ್ಥಿಗಳಲ್ಲ. ಸಂಬಳದ ಹೊತ್ತು ಕಳೆದ ಮೇಲೂ ಮೂರು ವರ್ಷ ಆ ಹಿರಿಯ ಹುಡುಗಿಯರನ್ನು ಆಡಿಸಿದವರು. ಆ ತಂಡದಲ್ಲಿ ಹತ್ತನೆಯ ತರಗತಿಯವರಿಗೆ ಅದೇ ಕೊನೆಯ ವರ್ಷ.

ಖೋಖೋ ಆಟವನ್ನು ನೋಡದವರು ಈ ಸೀಮೆಯಲ್ಲಿ ಇರಲಾರರು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಅದಕ್ಕೆ ಕ್ರಮವಾದ ನಿಯಮಗಳನ್ನು ಕಟ್ಟಿದರು. ಎರಡು ಕಂಬಗಳ ನಡುವೆ ಎಂಟು ಮಂದಿ ಒಬ್ಬರು ಈ ಕಡೆಗೆ, ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ; ಒಂಬತ್ತನೆಯವರು ಬೆನ್ನಟ್ಟುತ್ತಾರೆ; ಎದುರಾಳಿಗಳು ಮೂವರು ಮೂವರಾಗಿ ಒಳಕ್ಕೆ ಬಂದು ತಪ್ಪಿಸಿಕೊಳ್ಳುತ್ತಾರೆ. ಬೆನ್ನಟ್ಟುವವರು ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಓಡುವವರಿಗೆ ಎರಡಕ್ಕೂ ಸ್ವಾತಂತ್ರ್ಯವುಂಟು. ಇಲ್ಲಿಯೇ ನೋಡುವವರ ಕಣ್ಣು ಮೋಸಹೋಗುವುದು. ಓಡುವಾಗ ಚಿಕ್ಕ ಮೈ ಒಂದು ವರ. ಮಿಂಚುಳ್ಳಿಯ ಹಾಗೆ ತಿರುಗಬಹುದು, ಕುಳಿತವರ ನಡುವೆ ನುಸುಳಬಹುದು. ಆದರೆ ಸರದಿ ತಿರುಗಿದಾಗ ಅದೇ ಮಗು ಬೆನ್ನಟ್ಟಬೇಕು. ಆಗ ಹೆಜ್ಜೆಯ ಉದ್ದ ಬೇಕು, ಕೈಯ ಉದ್ದ ಬೇಕು, ಕಂಬದ ಬಳಿ ಮೈಯನ್ನು ಮುಂದಕ್ಕೆ ಎಸೆದು ನೆಲಕ್ಕೆ ಬಿದ್ದು ಏಳುವ ಕಸುವು ಬೇಕು. ಊರಿನವರು ಚಪ್ಪಾಳೆ ತಟ್ಟುವುದು ಓಟಕ್ಕೆ. ಮಗು ಮೈಕೈ ನೋಯಿಸಿಕೊಳ್ಳುವುದು ಬೆನ್ನಟ್ಟುವಾಗ. ಸಾಲದುದಕ್ಕೆ ಹಿರಿಯರ ಆಟದಲ್ಲಿ ಒಂದೊಂದು ಸರದಿಗೆ 9 ನಿಮಿಷ. ಎಳೆಯರಿಗೆ ಅದಕ್ಕಿಂತ ಕಡಮೆ.

ಇನ್ನು ವಯಸ್ಸಿನ ವಿಚಾರ. ಶಾಲೆಯ ಆಟಗಳಲ್ಲಿ ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ಎಂದು ಮೂರು ಗೆರೆಗಳನ್ನು ಎಳೆದಿದ್ದಾರೆ. ಲೆಕ್ಕವೆಲ್ಲ ಜನವರಿ 1ರಿಂದ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದ ಹುಡುಗಿಯೂ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗಿಯೂ ಕಾಗದದ ಮೇಲೆ ಒಂದೇ ವಯಸ್ಸಿನವರು. ಬೆಳೆಯುವ ಕಾಲದಲ್ಲಿ ಹನ್ನೊಂದು ತಿಂಗಳೆಂದರೆ ಎಷ್ಟು ಅಂತರವೆಂಬುದನ್ನು ಲಂಗ ಹೊಲಿಸುವ ತಾಯಂದಿರು ಬಲ್ಲರು. ಕೆನಡಾ ದೇಶದ ಬಾರ್ನ್ಸ್‌ಲೀ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಅಲ್ಲಿಯ ಹಿಮದ ಹಾಕಿ ಆಟಗಾರರ ಜನ್ಮದಿನಗಳನ್ನು ತಾಳೆ ನೋಡಿ, ಹೆಸರುವಾಸಿಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು ತೋರಿಸಿದರು. ಮೊದಲು ಹುಟ್ಟಿದ ಮಗು ದೊಡ್ಡದಾಗಿ ಕಾಣುತ್ತದೆ. ದೊಡ್ಡದಾಗಿ ಕಂಡದ್ದನ್ನು ಆರಿಸುತ್ತಾರೆ. ಆರಿಸಿದ್ದಕ್ಕೆ ಒಳ್ಳೆಯ ಶಿಕ್ಷಣ ದೊರೆಯುತ್ತದೆ. ಕೊನೆಗೆ ಅದು ನಿಜವಾಗಿಯೇ ದೊಡ್ಡದಾಗುತ್ತದೆ. ಹಳ್ಳಿಯ ಈ ಹುಡುಗಿ ಹುಟ್ಟಿದ್ದು 2011ರ ಡಿಸೆಂಬರಿನಲ್ಲಿ. ತನ್ನ ಪಂಕ್ತಿಯಲ್ಲಿಯೇ ಅವಳು ಎಲ್ಲರಿಗಿಂತ ಕಿರಿಯಳು. ಶಾಲೆಗೂ ಅವಳನ್ನು ಒಂದು ವರ್ಷ ಮೊದಲೇ ಸೇರಿಸಿದ್ದರು. ಎಂದರೆ ಮೇಷ್ಟರು ಕೇಳಿದುದು ಅವಳ ಬಾಳಿನಲ್ಲಿ ಎರಡನೆಯ ಬಡ್ತಿ.

ವಯಸ್ಸೆಂಬುದು ಈ ನಾಡಿನಲ್ಲಿ ಬಹುಕಾಲ ಒಂದು ಅನುಕೂಲಸಿಂಧು ಪದಾರ್ಥವಾಗಿತ್ತೆಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ. ಕರ್ನಾಟಕದ ಯಾವ ಹಳ್ಳಿಯ ಹಳೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿದರೂ ಜೂನ್ ತಿಂಗಳ 1ನೆಯ ತಾರೀಖಿನಂದು ಹುಟ್ಟಿದವರ ಸಂಖ್ಯೆ ವಿಸ್ಮಯವನ್ನುಂಟುಮಾಡುತ್ತದೆ. ಶಾಲೆ ತೆರೆಯುವುದು ಜೂನಿನಲ್ಲಿ. ತಂದೆಗೆ ನೆನಪಿರುವುದು ಮಗು ಹುಟ್ಟಿದ್ದು ಬರಗಾಲದ ಮರುವರ್ಷ, ಇಲ್ಲವೆ ಊರ ತೇರಿನ ಹಿಂದುಮುಂದು ಎಂಬಷ್ಟು. ಮುಖ್ಯೋಪಾಧ್ಯಾಯರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ಲೇಖನಿ ತೆಗೆದು ಒಂದು ತಾರೀಖು ಬರೆದುಬಿಡುವರು. ಆ ಹಳ್ಳಿಯ ಅಜ್ಜನವರ ಜನ್ಮದಿನವೂ ಜೂನ್ 1. ಇಂಥ ತಾರೀಖುಗಳ ಮೇಲೆ ಎಷ್ಟೋ ಮಂದಿ ಉದ್ಯೋಗ ಮಾಡಿ ನಿವೃತ್ತರೂ ಆದರು, ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಆಟದಲ್ಲಿ ತೊಂದರೆಯಾಯಿತು. ದೊಡ್ಡ ಹುಡುಗರನ್ನು ಚಿಕ್ಕವರೆಂದು ಬರೆಸಿ ಕೆಳಗಿನ ಪಂಕ್ತಿಯಲ್ಲಿ ಗೆಲ್ಲಿಸುವ ಅಭ್ಯಾಸ ದೇಶದಲ್ಲೆಲ್ಲ ಬೆಳೆಯಿತು. ಕ್ರಿಕೆಟ್ಟಿನವರು ಮಣಿಕಟ್ಟಿನ ಎಲುಬಿನ ಚಿತ್ರವನ್ನು ತೆಗೆಸಿ ವಯಸ್ಸನ್ನು ಅಳೆಯುವ ಸ್ಥಿತಿ ಬಂದಿತು. ಕಿರಿಯರ ತಂಡಕ್ಕೆ ಶಿಕ್ಷಕರಾಗಿದ್ದ ರಾಹುಲ್ ದ್ರಾವಿಡರು 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಮಾಡುತ್ತ ಈ ಪಿಡುಗನ್ನು ಕಟುವಾಗಿ ಖಂಡಿಸಿದರು. ಮರುವರ್ಷ, ಹತ್ತೊಂಬತ್ತರ ಒಳಗಿನವರ ವಿಶ್ವಕಪ್ಪಿನಲ್ಲಿ ಒಬ್ಬ ಆಟಗಾರನು ಒಂದೇ ಬಾರಿ ಆಡತಕ್ಕದ್ದೆಂಬ ಕಟ್ಟಳೆ ನಮ್ಮ ದೇಶದಲ್ಲಿ ಜಾರಿಗೆ ಬಂದಿತು. ಕೆಳಗಿನ ಪಂಕ್ತಿಯಲ್ಲಿ ಗೆಲ್ಲುತ್ತಲೇ ಕುಳಿತರೆ ಬೆಳೆಯುವುದು ಯಾವಾಗ ಎಂಬುದು ಅದರ ಅಭಿಪ್ರಾಯ. ಆದುದರಿಂದ ಮಗುವನ್ನು ತಡೆದಿಡುವುದೇ ಯಾವಾಗಲೂ ಕ್ಷೇಮವೆಂದು ತಿಳಿಯುವುದೂ ಸರಿಯಲ್ಲ.

ಹಳೆಯ ಶಾಸ್ತ್ರಗಳೂ ವಯಸ್ಸಿಗೆ ಗೆರೆ ಎಳೆದಿವೆ. ಐದರವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ ಎಂಬ ವಿಭಾಗ ಪ್ರಸಿದ್ಧವಾದುದು. ಸುಶ್ರುತನು ಹದಿನಾರರವರೆಗೆ ಬಾಲ್ಯವೆಂದೇ ಕರೆದನು. ವಾಗ್ಭಟನು ವ್ಯಾಯಾಮವನ್ನು ಬಹಳವಾಗಿ ಹೊಗಳಿ, ಯಾರು ಅದನ್ನು ಬಿಡಬೇಕೆಂದು ಹೇಳುವಲ್ಲಿ ವೃದ್ಧರ, ಅಜೀರ್ಣವುಳ್ಳವರ ಜೊತೆಗೆ ಬಾಲರನ್ನೂ ಸೇರಿಸಿದನು. ಮಕ್ಕಳು ಓಡಬಾರದೆಂದು ಅವನ ಅಭಿಪ್ರಾಯವಿರಲಾರದು. ಓಡದ ಮಗುವನ್ನು ಯಾವ ವೈದ್ಯನೂ ಮೆಚ್ಚನು. ಬಲವನ್ನು ಹಿಂಡುವ ವ್ಯಾಯಾಮ ಬೇಡವೆಂದಷ್ಟೇ ತಾತ್ಪರ್ಯ. ತನ್ನ ಬಲದಲ್ಲಿ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕೆಂದೂ, ಎದೆಯಲ್ಲಿರುವ ಉಸಿರು ಬಾಯಿಗೆ ಬಂದುದೇ ಆ ಅರ್ಧದ ಗುರುತೆಂದೂ ಸುಶ್ರುತನು ಅಳತೆ ಕೊಟ್ಟಿದ್ದಾನೆ. ಪಂದ್ಯದ ಅಂಗಣದಲ್ಲಿ ಈ ಅಳತೆಯನ್ನು ಪಾಲಿಸುವವರು ಯಾರು?

ಈ ಮಾತು ಹೊಳಲ್ಕೆರೆಯ ಸೀಮೆಗೆ ಹೊಸದಲ್ಲ. ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿ, 1996ರಲ್ಲಿ ದೇಹ ಬಿಡುವವರೆಗೂ ಯೋಗವನ್ನೂ ವ್ಯಾಯಾಮವನ್ನೂ ಹಳ್ಳಿಹಳ್ಳಿಯ ಮಕ್ಕಳಿಗೆ ಕಲಿಸಿದರು. ‘ತಿರುಕ’ ಎಂಬ ಹೆಸರಿನಲ್ಲಿ ಪುಸ್ತಕ ಬರೆದ ಆ ಮಹನೀಯರ ಕಾಲದಲ್ಲಿ ಸೂರ್ಯನಮಸ್ಕಾರ ಕಲಿತವರು ಈ ಸುತ್ತಿನಲ್ಲಿ ಇನ್ನೂ ಇದ್ದಾರೆ. ಈ ಅಜ್ಜನವರೂ ಅಂಥವರಲ್ಲಿ ಒಬ್ಬರು. ಮೈಯನ್ನು ಬಳಸುವುದು ಬೇರೆ, ಮೈಯನ್ನು ಖರ್ಚುಮಾಡುವುದು ಬೇರೆ ಎಂಬ ಭೇದ ಅವರಿಗೆ ಪುಸ್ತಕ ನೋಡದೆ ತಿಳಿದಿತ್ತು.

ಈಗಿನ ವೈದ್ಯರು ಇದನ್ನೇ ಇನ್ನಷ್ಟು ವಿವರವಾಗಿ ಹೇಳುತ್ತಾರೆ. ಹೆಣ್ಣುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಹನ್ನೆರಡರ ಸುಮಾರಿನಲ್ಲಿ. ಗಂಡುಮಕ್ಕಳು ಹದಿನಾಲ್ಕರ ಸುಮಾರಿನಲ್ಲಿ. ಆಗ ಎಲುಬಿನ ತುದಿಯ ಬೆಳೆಯುವ ಪದರ ಇನ್ನೂ ಮೆತ್ತಗಿರುತ್ತದೆ; ಎಲುಬು ಬೆಳೆದ ವೇಗಕ್ಕೆ ಸ್ನಾಯು ಸರಿಗಟ್ಟದೆ ಅದನ್ನು ಸೆಳೆಯುತ್ತದೆ. ಮೊಣಕಾಲ ಚಿಪ್ಪಿನ ಕೆಳಗಣ ಉಬ್ಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಓಡಿ ನೆಗೆಯುವ ಮಕ್ಕಳಲ್ಲಿ ಸಾಮಾನ್ಯ. ಕುಕ್ಕರಗಾಲಿನಿಂದ ಥಟ್ಟನೆ ಎದ್ದು ಓಡುವ ಆಟದಲ್ಲಿ ಆ ಮೊಣಕಾಲಿನ ಮೇಲೆಯೇ ಎಲ್ಲ ಭಾರ. ಅಜ್ಜಿ ಇದನ್ನು ಬೇರೆ ಮಾತಿನಲ್ಲಿ ಹೇಳಿದರು. ಹುಡುಗಿ ಇನ್ನೂ ದೊಡ್ಡವಳಾಗಿಲ್ಲ, ಈ ವರ್ಷವೋ ಬರುವ ವರ್ಷವೋ ಆಗುತ್ತಾಳೆ, ಆ ಕಾಲಕ್ಕೆ ಮೈ ತನ್ನ ಕೆಲಸವನ್ನು ತಾನು ಮಾಡಿಕೊಳ್ಳಲು ಬಿಡಬೇಕು ಎಂದು. ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿರಲಿಲ್ಲ. ಆದರೂ ಅದೊಂದೇ ಕಾರಣದಿಂದ ಹುಡುಗಿಯರ ಆಟವನ್ನೇ ನಿಲ್ಲಿಸಿದ ಮನೆಗಳು ಎಷ್ಟೋ ಇವೆ. ಈ ಅಜ್ಜಿ ಹಾಗೆ ಹೇಳಲಿಲ್ಲವೆಂಬುದನ್ನು ಅವರ ಪಕ್ಷದಲ್ಲಿ ಬರೆಯಬೇಕು.

ಎಳೆವಯಸ್ಸಿನಲ್ಲಿ ಮೇಲೇರಿ ಕೀರ್ತಿ ಪಡೆದವರ ಉದಾಹರಣೆಗಳನ್ನು ತಂದೆ ಎತ್ತಿದರು. ನೆರೆಯ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಹದಿನೆಂಟರ ಹುಡುಗನಾಗಿ 1967ರಲ್ಲಿ ಮೈಸೂರಿನ ಪರವಾಗಿ ಮೊದಲ ಪಂದ್ಯವಾಡಿ ಆಂಧ್ರದ ಮೇಲೆ 230 ಓಟ ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದವರೆದುರು ಮೊದಲ ಸಲ ಸೊನ್ನೆಗೆ ಔಟಾಗಿ, ಎರಡನೆಯ ಸಲ 137 ಹೊಡೆದರು. ಮೈಯಲ್ಲಿ ಗಿಡ್ಡರು. ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿಗೆ ಹೋದಾಗ ಹದಿನಾಲ್ಕೇ ವರ್ಷ. ಭಾರತದ ತಂಡದಲ್ಲೆಲ್ಲ ಕಿರಿಯಳು. ಇವು ನಿಜ. ಆದರೆ ಉದಾಹರಣೆಗಳನ್ನು ತಕ್ಕಡಿಗೆ ಹಾಕುವಾಗ ಜಾತಿ ನೋಡಿ ಹಾಕಬೇಕು. ಹದಿನೆಂಟು ಹನ್ನೆರಡಲ್ಲ. ಈಜುವವರಿಗೆ ನೀರು ಎಲ್ಲರಿಗೂ ಒಂದೇ, ತಮ್ಮ ತಮ್ಮ ಸಾಲಿನಲ್ಲಿ ತಾವೇ. ಯಾರ ಮೊಣಕೈಯೂ ಯಾರ ಎದೆಗೂ ತಗಲುವುದಿಲ್ಲ. ಇನ್ನೊಂದು ತಟ್ಟೆಗೂ ಹಾಕಲು ಬೇಕಾದಷ್ಟಿವೆ. ಅಮೆರಿಕದ ಜೆನಿಫರ್ ಕಾಪ್ರಿಯಾಟಿ 1990ರಲ್ಲಿ ಹದಿನಾಲ್ಕು ತುಂಬುವ ಮೊದಲೇ ದೊಡ್ಡವರ ಟೆನ್ನಿಸ್ಸಿಗೆ ಇಳಿದಳು. 1992ರಲ್ಲಿ ಒಲಿಂಪಿಕ್ಸಿನ ಚಿನ್ನ ಗೆದ್ದಳು. ಮರುವರ್ಷ ಆಟವನ್ನೇ ಬಿಟ್ಟು ದೂರ ಸರಿದಳು. ಅವಳು ಮರಳಿ ಬಂದು ಆಸ್ಟ್ರೇಲಿಯದಲ್ಲಿ ಗೆಲ್ಲುವ ಹೊತ್ತಿಗೆ 2001 ಆಗಿತ್ತು. ಎಳೆಯರು ವರ್ಷಕ್ಕೆ ಇಷ್ಟೇ ಪಂದ್ಯ ಆಡತಕ್ಕದ್ದೆಂದು ಟೆನ್ನಿಸ್ಸಿನವರು ಕಟ್ಟಳೆ ಮಾಡಿದ್ದು ಈ ನಡುವೆ. ರುಮೇನಿಯದ ನಾಡಿಯಾ ಕೊಮನೇಚಿ 1976ರಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಹತ್ತಕ್ಕೆ ಹತ್ತು ಅಂಕ ಪಡೆದು ಲೋಕವನ್ನು ಬೆರಗುಗೊಳಿಸಿದಳು. 1997ರಿಂದ ಅದೇ ಆಟದಲ್ಲಿ ಹದಿನಾರಕ್ಕೆ ಕಡಮೆಯ ಹುಡುಗಿಯರಿಗೆ ದೊಡ್ಡವರ ಅಂಗಣಕ್ಕೆ ಪ್ರವೇಶವಿಲ್ಲ.

1887ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿದ ಸಾಫ್ಟ್‌ಬಾಲ್ ಎಂಬ ಚೆಂಡಿನ ಆಟದಲ್ಲಿ ಅಮೆರಿಕದವರು ಮಾಡಿರುವ ಏರ್ಪಾಡು ಇಲ್ಲಿ ಗಮನಿಸತಕ್ಕದ್ದು. ಹತ್ತರ ಒಳಗಿನ ಹುಡುಗಿಯರಿಗೆ ಚೆಂಡಿನ ಸುತ್ತಳತೆ 11 ಅಂಗುಲ, ಎಸೆಯುವ ದೂರ 35 ಅಡಿ. ಹನ್ನೆರಡರವರಿಗೆ 12 ಅಂಗುಲದ ಚೆಂಡು, 40 ಅಡಿ. ಹದಿನಾಲ್ಕರವರಿಗೆ 43 ಅಡಿ. ಮಗು ಮೇಲೇರಿದರೆ ಏನು ಹೆಚ್ಚಾಯಿತೆಂಬುದನ್ನು ಟೇಪು ಹಿಡಿದು ತೋರಿಸಬಹುದು. ಖೋಖೋದಲ್ಲಿ ಚೆಂಡಿಲ್ಲ, ಬ್ಯಾಟಿಲ್ಲ. ಹೆಚ್ಚಾಗುವುದೆಲ್ಲ ಎದುರಿನವರ ಕಾಲಿನಲ್ಲಿದೆ. ಅದನ್ನು ಅಳೆಯುವುದು ಹೇಗೆ?

ಖೋಖೋದ ದೊಡ್ಡ ಸಂಸ್ಥೆಯವರು ತಮ್ಮ ಪ್ರಶಸ್ತಿಗಳಿಗೆ ಇಟ್ಟಿರುವ ಹೆಸರುಗಳನ್ನು ಕೇಳಿದರೆ ಪುರಾಣ ಓದಿದವರಿಗೆ ಸಂತೋಷವಾಗುತ್ತದೆ. ಅತಿ ಕಿರಿಯ ಹುಡುಗರ ಪ್ರಶಸ್ತಿಗೆ ಭರತನ ಹೆಸರು, ಹುಡುಗಿಯರದಕ್ಕೆ ಇಳೆಯ ಹೆಸರು. ಅದರ ಮೇಲಿನವರಿಗೆ ವೀರ ಅಭಿಮನ್ಯು, ಜಾನಕಿ. ದೊಡ್ಡವರಿಗೆ ಏಕಲವ್ಯ, ರಾಣಿ ಲಕ್ಷ್ಮೀಬಾಯಿ. ಸಿಂಹದ ಮರಿಯ ಹಲ್ಲೆಣಿಸಿದ ಭರತನು ಎಳೆಯರಿಗೆ ಒಪ್ಪುವನು. ಗುರುವಿನ ಬಾಯಿಂದ ಪಾಠವೇ ಕೇಳದ ಏಕಲವ್ಯನನ್ನು ಗುರುಗಳ ಕೈಯಲ್ಲಿ ಪಳಗಿದ ದೊಡ್ಡವರಿಗೆ ಇಟ್ಟದ್ದು ಹೇಗೋ ತಿಳಿಯದು, ಇರಲಿ. ನಡುವಣ ವರ್ಗಕ್ಕೆ ಅಭಿಮನ್ಯುವಿನ ಹೆಸರಿಟ್ಟವರು ತಿಳಿದಿಟ್ಟರೋ ತಿಳಿಯದೆ ಇಟ್ಟರೋ, ಇದಕ್ಕಿಂತ ತಕ್ಕ ಹೆಸರು ಮತ್ತೊಂದಿಲ್ಲ. ಏಕೆಂದರೆ ಮೇಲಿನ ಪಂಕ್ತಿಗೆ ಕಳುಹಿಸಲ್ಪಟ್ಟ ಬಾಲಕರಲ್ಲಿ ಅವನೇ ಮೊದಲಿಗನು.

ಅಭಿಮನ್ಯುವಿನ ಕಥೆಯನ್ನು ಕೇಳುವಾಗ ನಮ್ಮ ಜನ ಅವನ ವಯಸ್ಸಿಗಾಗಿ ಮರುಗುತ್ತಾರೆ. ದ್ರೋಣಪರ್ವವನ್ನು ನಿಧಾನವಾಗಿ ನೋಡಿದರೆ ವಯಸ್ಸು ಅಲ್ಲಿ ಮುಖ್ಯವಲ್ಲ. ಹುಡುಗನು ಸಮರ್ಥನಲ್ಲವೆಂದು ಯಾರೂ ಹೇಳಲಾರರು. ದ್ರೋಣ ಕರ್ಣರೇ ಬೆರಗಾದರು. ತನಗೆ ವ್ಯೂಹವನ್ನು ಹೊಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ ಎಂದು ಅವನೇ ಮೊದಲು ಧರ್ಮರಾಯನಿಗೆ ಹೇಳಿದನು. ಹಿರಿಯರು ಕೇಳಿಸಿಕೊಂಡರು. ನೀನು ದಾರಿ ಮಾಡು, ನಾವು ನಿನ್ನ ಬೆನ್ನ ಹಿಂದೆಯೇ ಬರುತ್ತೇವೆ ಎಂದು ಮಾತು ಕೊಟ್ಟರು. ಆ ಮಾತು ಸುಳ್ಳಾಗಿರಲಿಲ್ಲ. ಬರಲೆಂದು ಹೊರಟರು, ಸೈಂಧವನು ಬಾಗಿಲಲ್ಲಿ ತಡೆದನು. ಅರ್ಜುನನು ಅಂದು ಬೇರೆ ಕಡೆಯಲ್ಲಿ ಕಾದುತ್ತಿದ್ದನು. ತಮ್ಮ ಕಡೆ ಒಬ್ಬರು ಕಡಮೆಯಾದಾಗ ಹಿರಿಯರು ಹುಡುಗನ ಕಡೆಗೆ ನೋಡಿದರು, ಅಷ್ಟೇ. ಹುಡುಗನಿಗೆ ಶಕ್ತಿಯಿದೆಯೇ ಎಂದು ಕೇಳಿದರೆ ಉತ್ತರ ಸುಲಭ. ಒಳಗೆ ಹೋದ ಮೇಲೆ ಅವನ ಹಿಂದೆ ಯಾರಿರುತ್ತಾರೆ, ಹೊರಬರುವ ದಾರಿ ಯಾವುದು ಎಂಬುದೇ ಕಷ್ಟದ ಪ್ರಶ್ನೆ. ಅದನ್ನು ಕೇಳಬೇಕಾದವರು ಹುಡುಗನಲ್ಲ.

ಅಜ್ಜನವರು ಮೊಮ್ಮಗಳನ್ನು ಕರೆದು ಕೇಳಿದುದು ಇದನ್ನೇ. ಮೇಲೆ ಹೋಗುತ್ತೀಯಾ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾವ ಮಗುವಾದರೂ ಹೂಂ ಎನ್ನುತ್ತದೆ. ಅಲ್ಲಿ ಹೋದರೆ ನಿನ್ನ ಕೈಲಿ ಏನು ಆಗುವುದಿಲ್ಲ ಹೇಳು ಎಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಓಡೋದು ಓಡ್ತೀನಿ ಅಜ್ಜ. ಕಂಬದ ಹತ್ರ ಅಕ್ಕಂದಿರನ್ನ ಹಿಡಿಯಕ್ಕಾಗಲ್ಲ. ಕೈ ಸಾಲಲ್ಲ” ಎಂದಳು. ಮತ್ತೆ ತಾನಾಗಿಯೇ, “ನಾನು ಹೋದ್ರೆ ಇವರನ್ನ ಯಾರು ಆಡಿಸ್ತಾರೆ?” ಎಂದಳು. ಇವರು ಎಂದರೆ ತನ್ನ ತಂಡದ ಹುಡುಗಿಯರು. ಆರು ಏಳನೆಯ ತರಗತಿಯವರು. ಅದುವರೆಗೆ ಆ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ಮಾತು ಇದು.

ಕೆಳಗಿನ ಪಂಕ್ತಿಯ ಕೊನೆಯ ವರ್ಷವೆಂಬುದಕ್ಕೆ ಒಂದು ಬೆಲೆಯಿದೆ. ಮಗು ಮೊದಲು ಬಂದಾಗ ಕಿರಿದು. ದೊಡ್ಡವರ ಮಾತು ಕೇಳುತ್ತದೆ. ಕೊನೆಯ ವರ್ಷ ತಾನೇ ದೊಡ್ಡದು. ಹೇಳಬೇಕು, ಸಮಾಧಾನಪಡಿಸಬೇಕು, ಸೋತಾಗ ಅಳದೆ ನಿಲ್ಲಬೇಕು. ಸದಾ ಮೇಲಕ್ಕೆ ಏರಿಸಲ್ಪಡುವ ಮಗು ಎಲ್ಲಿ ಹೋದರೂ ಕಿರಿಯದಾಗಿಯೇ ಇರುತ್ತದೆ. ಹಿರಿತನದ ಪಾಠ ಅದಕ್ಕೆ ದೊರೆಯುವುದೇ ಇಲ್ಲ. ಬುದ್ಧಿವಂತ ಹುಡುಗರಿಗೆ ಒಂದೇ ಸಲಕ್ಕೆ ಎರಡು ತರಗತಿ ದಾಟಿಸುತ್ತಿದ್ದ ಕಾಲದಲ್ಲಿ ಹಾಗೆ ದಾಟಿದವರು ಎಷ್ಟೋ ಮಂದಿ ಪರೀಕ್ಷೆಗಳಲ್ಲಿ ಮೇಲಾಗಿ, ನಾಲ್ಕು ಜನರ ನಡುವೆ ಮಾತ್ರ ಕೊನೆಯವರೆಗೂ ಬೆಂಚಿನ ತುದಿಯಲ್ಲಿ ಕುಳಿತವರಂತೆಯೇ ಇದ್ದುದನ್ನು ಹಳೆಯ ಉಪಾಧ್ಯಾಯರು ಬಲ್ಲರು.

ಸಂಸ್ಕೃತ ಪಾಠಶಾಲೆಗಳ ಹಳೆಯ ಪದ್ಧತಿ ಈ ವಿಷಯದಲ್ಲಿ ವಿಚಾರಾರ್ಹವಾದುದು. ಅಲ್ಲಿ ವಯಸ್ಸಿನ ಗೆರೆಯೇ ಇರಲಿಲ್ಲ. ಹತ್ತು ವರ್ಷದ ವಟುವೂ ಮೀಸೆ ಬಂದ ತರುಣನೂ ಒಂದೇ ಮಣೆಯ ಎದುರಿಗೆ ಕುಳಿತು ಒಂದೇ ಸರ್ಗವನ್ನು ಓದುತ್ತಿದ್ದರು. ಶಬ್ದ ಬಂದರೆ ಧಾತು, ಅಮರ ಮುಗಿದರೆ ರಘುವಂಶ. ಏರುವುದು ಗ್ರಂಥದಿಂದ ಗ್ರಂಥಕ್ಕೆ, ವರ್ಷದಿಂದ ವರ್ಷಕ್ಕಲ್ಲ. ಇದರಲ್ಲಿ ಮಂದಬುದ್ಧಿಯವರಿಗೆ ಅವಮಾನವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಕಟ್ಟುಪಾಡಿತ್ತು. ಮುಂದಿನ ಪಾಠಕ್ಕೆ ಹೋದವನು ಬೆಳಿಗ್ಗೆ ಗುರುಗಳ ಹತ್ತಿರ ಹೊಸ ಪಾಠ ಕೇಳಿ, ಸಂಜೆ ಬಂದು ಕಿರಿಯರಿಗೆ ಹಳೆಯ ಪಾಠವನ್ನು ಹೇಳಿಕೊಡಬೇಕು. ಮೇಲಿನ ಪಂಕ್ತಿಯಲ್ಲಿ ಕಿರಿಯನು, ಕೆಳಗಿನ ಪಂಕ್ತಿಯಲ್ಲಿ ಹಿರಿಯನು, ಒಂದೇ ದಿನದಲ್ಲಿ.

ಆ ಮನೆಯವರು ಪಾಠಶಾಲೆಯನ್ನು ನೆನೆದರೆಂದು ಹೇಳಲಾಗದು. ಆದರೆ ಹೆಚ್ಚು ಕಡಮೆ ಅದೇ ದಾರಿಗೆ ಬಂದರು. ಮೇಷ್ಟರು ಎರಡನೆಯ ಸಲ ಬಂದಾಗ ಅಜ್ಜನವರು ಹೇಳಿದರು: “ಮೇಷ್ಟ್ರೇ, ಬೆಳಿಗ್ಗೆ ದೊಡ್ಡವರ ಜೊತೆ ಆಡಲಿ, ಕಲಿಯಲಿ. ಪಂದ್ಯ ಮಾತ್ರ ಈ ವರ್ಷ ತನ್ನವರ ಜೊತೆಗೇ ಇರಲಿ. ಮುಂದಿನ ವರ್ಷ ನಿಯಮವೇ ಅವಳನ್ನು ಮೇಲಕ್ಕೆ ಕಳಿಸುತ್ತದಲ್ಲ.” ಲೆಕ್ಕ ಸರಿಯಾಗಿತ್ತು. 2025ರಲ್ಲಿ ಅವಳಿಗೆ ಹದಿನಾಲ್ಕರ ಪಂಕ್ತಿಯಲ್ಲಿ ಸ್ಥಳವಿರಲಿಲ್ಲ. ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ದೊಡ್ಡ ಹುಡುಗಿಯರಿಗೆ ಏನು ಹೇಳಲಿ ಎಂದು ಕೇಳಿದರು. ಅದಕ್ಕೆ ಅಜ್ಜನವರ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ತಾಯಿ, “ನಾವೇ ಬಂದು ಹೇಳ್ತೀವಿ ಸರ್” ಎಂದರು. ಮರುದಿನ ಶಾಲೆಗೆ ಹೋಗಿ ಹೇಳಿಯೂ ಬಂದರು.

ಇಂಥ ನಿರ್ಣಯಗಳಿಗೆ ಕೊಡಬೇಕಾದ ಬೆಲೆಯನ್ನು ಯಾರೋ ಒಬ್ಬರು ಕೊಡಲೇಬೇಕು. ಹದಿನೇಳರ ತಂಡಕ್ಕೆ ಒಂಬತ್ತನೆಯ ತರಗತಿಯಿಂದ ಆಟ ಬಾರದ ಇಬ್ಬರನ್ನು ಸೇರಿಸಿಕೊಂಡು ತಾಲ್ಲೂಕಿಗೆ ಹೋದರು. ಮೊದಲ ಪಂದ್ಯದಲ್ಲಿಯೇ ಸೋತು ಬಂದರು. ಆ ತಂಡದ ನಾಯಕಿ ಹತ್ತನೆಯ ತರಗತಿಯ ಹುಡುಗಿ. ಅವಳು ಬೆಳಗಿನ ಅಭ್ಯಾಸಕ್ಕೆ ಬರುವುದನ್ನು ಬಿಟ್ಟಳು. ದಾರಿಯಲ್ಲಿ ಎದುರಾದರೂ ಈ ಹುಡುಗಿಯನ್ನು ನೋಡದೆ ಹೋಗುವಳು. ಕಿರಿಯರ ತಂಡ ತಾಲ್ಲೂಕಿನಲ್ಲಿ ಗೆದ್ದು, ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದವರೆಗೆ ಹೋಗಿ, ಅಲ್ಲಿ ಸೋತಿತು. ಬಸ್ಸಿನಲ್ಲಿ ಹಿಂದಿರುಗುವಾಗ ಆರನೆಯ ತರಗತಿಯ ಇಬ್ಬರು ಅಳುತ್ತಿದ್ದರೆಂದೂ, ಹುಡುಗಿ ಇಬ್ಬರನ್ನೂ ಎಡಬಲಕ್ಕೆ ಕೂಡಿಸಿಕೊಂಡು ಬಂದಳೆಂದೂ ಮೇಷ್ಟರು ಹೇಳಿದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋದ ಮೊದಲ ವಿಶ್ವಕಪ್ ನಡೆಯಿತು. ಜನವರಿ 19ರಂದು ಭಾರತದ ಹೆಂಗಸರೂ ಗಂಡಸರೂ ನೇಪಾಳದವರನ್ನು ಸೋಲಿಸಿ ಗೆದ್ದರು, ಕರ್ನಾಟಕದ ಬಿ. ಚೈತ್ರಾ, ಎಂ. ಕೆ. ಗೌತಮ್ ಆ ತಂಡಗಳಲ್ಲಿದ್ದರು. ಹಳ್ಳಿಯ ಹುಡುಗಿಯರು ಒಂದು ಫೋನಿನ ಸುತ್ತ ಹತ್ತು ತಲೆ ಸೇರಿಸಿ ಪಂದ್ಯವನ್ನು ನೋಡಿದರು. ಜೂನಿನಲ್ಲಿ ಹುಡುಗಿ ತಾನಾಗಿ ಮೇಲಿನ ಪಂಕ್ತಿಗೆ ಸೇರಿದಳು. ಆ ಹೊತ್ತಿಗೆ ಮೂರು ಅಂಗುಲ ಎತ್ತರ ಬೆಳೆದಿದ್ದಳು. ಮೊಣಕಾಲು ಆಗಾಗ ನೋಯುತ್ತಿತ್ತು, ಅಜ್ಜಿ ಎಣ್ಣೆ ತಿಕ್ಕುತ್ತಿದ್ದರು. ಹತ್ತನೆಯ ತರಗತಿ ಮುಗಿಸಿದ ನಾಯಕಿ ಮುಂದೆ ಓದಲು ಹಿರಿಯೂರಿನಲ್ಲಿರುವ ಸೋದರಮಾವನ ಮನೆಗೆ ಹೊರಟುಹೋದಳು. ಹೋಗುವಾಗಲೂ ಮಾತನಾಡಿಸಲಿಲ್ಲವೆಂದು ಹುಡುಗಿ ಅಜ್ಜಿಯ ಎದುರಿಗೆ ಹೇಳಿಕೊಂಡಳು. ಜಾತ್ರೆಗೆ ಊರಿಗೆ ಬಂದೇ ಬರುತ್ತಾಳೆ, ಆಗ ನೀನೇ ಮೊದಲು ಮಾತಾಡಿಸು ಎಂದು ಅಜ್ಜಿ ಹೇಳಿದರು.